ಕೊನೆಯ ಪುಟದ ಕತ್ತರಿ

ಎರಡು ಸಾಲು ಕಡಿಮೆ ಮಾಡುವುದರಲ್ಲಿ ಅವಳನ್ನು ಮೀರಿಸುವವರು ಆ ವಾರಪತ್ರಿಕೆಯ ಕಚೇರಿಯಲ್ಲಿ ಯಾರೂ ಇರಲಿಲ್ಲ. ಪುಟ ಕಟ್ಟುವುದು ಅವಳ ಕೆಲಸ. ಸುದ್ದಿಯಾಗಲಿ, ನಿಧನವಾರ್ತೆಯಾಗಲಿ, ಯಾವುದೋ ಸಂಘದ ಅಧ್ಯಕ್ಷರ ಭಾಷಣವಾಗಲಿ, ಜಾಗ ಸಾಲದೆಂದರೆ ಪರದೆಯ ಮೇಲೆ ಒಮ್ಮೆ ಕಣ್ಣಾಡಿಸಿ ಟಕ್ ಟಕ್ ಎಂದು ಎರಡು ಸಾಲು ಹಾರಿಸಿಬಿಡುತ್ತಿದ್ದಳು. ಹಾರಿಸಿದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಭಾಷಣ ಮಾಡಿದ ಅಧ್ಯಕ್ಷರಿಗೇ ಗೊತ್ತಾಗುತ್ತಿರಲಿಲ್ಲ, ಅದೇನೂ ದೊಡ್ಡ ವಿಷಯವಲ್ಲ ಬಿಡಿ. ಸಂಪಾದಕರು ಅವಳಿಗೆ ‘ಕತ್ತರಿ’ ಎಂದು ಹೆಸರಿಟ್ಟಿದ್ದರು. “ಆ ಕತ್ತರಿಗೆ ಕೊಡಿ, ಕೂರಿಸ್ತಾಳೆ” ಎಂದು ಅವರು ಅಂದರೆ ಅದು ಬೈಗುಳವಲ್ಲ, ಬೆನ್ನು ತಟ್ಟುವುದು. ಅವಳೂ ಒಳಗೊಳಗೇ ಉಬ್ಬುತ್ತಿದ್ದಳು. ಉಬ್ಬಿದವರ ಕಥೆ ಮುಂದೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ.

ಆ ಪತ್ರಿಕೆಯ ಕೊನೆಯ ಪುಟದಲ್ಲಿ ‘ಕೈಯಾರೆ’ ಎಂಬ ಅಂಕಣ ಬರುತ್ತಿತ್ತು. ಬರೆಯುವವರು ನಿವೃತ್ತಿಯಾದ ಕರಕುಶಲ ಶಿಕ್ಷಕಿ; ಕಚೇರಿಯಲ್ಲಿ ಎಲ್ಲರಿಗೂ ಟೀಚರಮ್ಮ. ಎಲೆ ಉದುರುವ ಕಾಲ ಬಂತೆಂದರೆ ಟೀಚರಮ್ಮನಿಗೆ ಸುಗ್ಗಿ. ಸೇಬಿನ ಸಿಪ್ಪೆಯಿಂದ ಜೆಲ್ಲಿ, ಈರುಳ್ಳಿ ಸಿಪ್ಪೆಯಿಂದ ಬಟ್ಟೆಗೆ ಬಣ್ಣ, ಉದುರಿದ ಎಲೆಗೆ ಮೇಣ ಹಚ್ಚಿ ಬಾಗಿಲಿಗೆ ಮಾಲೆ, ಜೊತೆ ಕಳೆದುಕೊಂಡ ಕಾಲುಚೀಲಕ್ಕೆ ಒಣ ಎಲೆ ತುಂಬಿ ಬಾಗಿಲ ಸಂದಿಯ ಗಾಳಿಗೆ ತಡೆ. ಕಸದ ಬುಟ್ಟಿಗೆ ಹೋಗಬೇಕಾದದ್ದನ್ನೆಲ್ಲ ಮನೆಯೊಳಗೇ ಉಳಿಸಿಕೊಳ್ಳುವ ಹಠ ಆ ಮಹಾತಾಯಿಗೆ. ಆದರೆ ತಾನು ಕೈಯಾರೆ ಮಾಡಿ ನೋಡದೆ ಒಂದಕ್ಷರ ಬರೆಯುತ್ತಿರಲಿಲ್ಲ. ತೊಂದರೆ ಏನೆಂದರೆ, ಅದೇ ಕಾಲ ಕಂಬಳಿ ಅಂಗಡಿಗೂ ಸುಗ್ಗಿ. ಚಳಿ ಹತ್ತಿರವಾದಂತೆ ಅವರ ಜಾಹೀರಾತು ವಾರವಾರಕ್ಕೂ ಹಿಗ್ಗುತ್ತಿತ್ತು, ಅದು ಹಿಗ್ಗಿದಷ್ಟು ಟೀಚರಮ್ಮ ಕುಗ್ಗಬೇಕಾಗುತ್ತಿತ್ತು. ಕುಗ್ಗಿಸಲು ಕತ್ತರಿ ಇದ್ದೇ ಇತ್ತು.

ಯಾವ ಸಾಲು ಹಾರಿಸಬೇಕೆಂಬುದಕ್ಕೆ ಅವಳದೊಂದು ನಿಯಮವಿತ್ತು. ಮೊದಲ ಸಾಲು ಮುಟ್ಟಬಾರದು, ಕೊನೆಯ ಸಾಲು ಮುಟ್ಟಬಾರದು. ನಡುವಿನದು ಎಲ್ಲಿ ಹೋದರೂ ಓದುವವರ ಕಣ್ಣು ಎಡವುವುದಿಲ್ಲ. ಕಣ್ಣು ಎಡವುವುದಿಲ್ಲ, ನಿಜ. ಕೈ ಎಡವಬಹುದು ಎಂದು ಅವಳಿಗೆ ಹೊಳೆದಿರಲಿಲ್ಲ, ಏಕೆಂದರೆ ಆ ಅಂಕಣದ ಒಂದನ್ನಾದರೂ ಅವಳು ಮಾಡಿ ನೋಡಿದವಳಲ್ಲ. ಮಾಡಿ ನೋಡುವವರು ಬೇರೆ ಇದ್ದರು, ಅದೂ ಅವಳ ಮನೆಯಲ್ಲೇ.

ಅವಳ ಮಾವ ನಲವತ್ತೊಂದು ವರ್ಷ ಬೀದಿ ಮೂಲೆಯ ಔಷಧಿ ಅಂಗಡಿಯಲ್ಲಿ ಕಾಂಪೌಂಡರ್ ಆಗಿದ್ದವರು. ವೈದ್ಯರ ಚೀಟಿ ನೋಡಿ ತೂಗುವುದು, ಅರೆಯುವುದು, ಬೆರೆಸುವುದು, ಬಾಟಲಿಗೆ ಚೀಟಿ ಅಂಟಿಸುವುದು. ಚೀಟಿಯಲ್ಲಿದ್ದದ್ದಕ್ಕಿಂತ ಒಂದು ಗುಲಗಂಜಿ ಹೆಚ್ಚಿಲ್ಲ, ಒಂದು ಗುಲಗಂಜಿ ಕಡಿಮೆಯಿಲ್ಲ. “ಬರೆದವರು ತಲೆ ಉಪಯೋಗಿಸಿರ್ತಾರೆ, ಬೆರೆಸೋನು ಕೈ ಉಪಯೋಗಿಸ್ಬೇಕು. ಎರಡೂ ನಾನೇ ಮಾಡ್ತೀನಿ ಅಂತ ಹೊರಟ್ರೆ ಜನ ಸಾಯ್ತಾರೆ” ಎನ್ನುವುದು ಅವರ ಮಾತು. ಎರಡು ವರ್ಷದ ಹಿಂದೆ ಕೆಲಸ ಬಿಟ್ಟಿದ್ದರು, ಕಳೆದ ವರ್ಷ ಅತ್ತೆ ತೀರಿಕೊಂಡಿದ್ದರು. ಈಗ ಕಿಟಕಿಯ ಪಕ್ಕದ ಮೇಜು ಅವರದು. ಅದರ ಮೇಲೆ ಮರದ ಪೆಟ್ಟಿಗೆಯಲ್ಲಿ ಹಿತ್ತಾಳೆಯ ತಕ್ಕಡಿ, ಸಾಲಾಗಿ ತೂಕದ ಬಟ್ಟುಗಳು, ಚೂಪು ಮಾಡಿದ ಪೆನ್ಸಿಲ್. ಆ ಮೇಜನ್ನು ಮನೆಯಲ್ಲಿ ಯಾರೂ ಮುಟ್ಟುವಂತಿರಲಿಲ್ಲ, ಧೂಳು ಒರೆಸುವುದಕ್ಕೂ ಮುಟ್ಟುವಂತಿರಲಿಲ್ಲ.

ಪ್ರತಿ ಭಾನುವಾರ ಬೆಳಿಗ್ಗೆ ಮಾವ ‘ಕೈಯಾರೆ’ಯನ್ನು ಕತ್ತರಿಸಿ ಮೇಜಿನ ಮೇಲಿಟ್ಟು, ಒಂದೊಂದು ಸಾಲು ಮಾಡಿ ಮುಗಿಸಿದಂತೆ ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು. ಜೆಲ್ಲಿಯ ಮೇಲಾಗಲಿ ಮಾಲೆಯ ಮೇಲಾಗಲಿ ಅವರಿಗೆ ಮೋಹವಿತ್ತೆಂದಲ್ಲ. “ನಮ್ಮ ಸೊಸೆ ಕಟ್ಟೋ ಪುಟ” ಎಂದು ಕೆಳಗಿನ ಇಸ್ತ್ರಿ ಅಂಗಡಿಯವನಿಗೆ ಅವರು ಹೇಳುವುದನ್ನು ಅವಳು ಮೆಟ್ಟಿಲ ಮೇಲಿಂದ ಎಷ್ಟೋ ಸಲ ಕೇಳಿಸಿಕೊಂಡಿದ್ದಳು. ಆಗೆಲ್ಲ ಸುಮ್ಮನೆ ನಕ್ಕು ಒಳಗೆ ಹೋಗಿದ್ದಳು.

ಆ ವರ್ಷ ಇನ್ನೊಂದು ವಿಷಯವೂ ಇತ್ತು. ಔಷಧಿ ಅಂಗಡಿಯ ಹಳೆಯ ಯಜಮಾನರ ಮಗ ಮನೆಗೇ ಬಂದು ಕೂತು, ಕಾಫಿ ಕುಡಿದು, ಕೇಳಿದ್ದ. “ಚಳಿ ಶುರುವಾದ್ರೆ ಕೆಮ್ಮು, ಚರ್ಮ ಒಡಕು ಅಂತ ಜನ ಮುತ್ತಿಕೊಳ್ತಾರೆ. ಮುಲಾಮು ಬೆರೆಸೋಕೆ ನಿಮ್ಮಂಥ ಕೈ ಸಿಗಲ್ಲ. ಅರ್ಧ ದಿನ ಬಂದು ಹೋಗಿ ಸಾಕು.” ತಿಂಗಳ ಕೊನೆಗೆ ಹೇಳುತ್ತೇನೆ ಎಂದು ಮಾವ ಗತ್ತಿನಿಂದಲೇ ಅಂದಿದ್ದರು. ಅವನು ಬೀದಿ ದಾಟುವುದರೊಳಗೆ ಹಳೆಯ ಬಿಳಿ ಕೋಟನ್ನು ಪೆಟ್ಟಿಗೆಯಿಂದ ತೆಗೆದು ಇಸ್ತ್ರಿಗೆ ಕೊಟ್ಟು ಬಂದರು. ಅತ್ತೆ ಹೋದಮೇಲೆ ಅವರು ಅಷ್ಟು ಚುರುಕಾಗಿ ಮೆಟ್ಟಿಲು ಇಳಿದದ್ದನ್ನು ಮನೆಯವರು ನೋಡಿರಲಿಲ್ಲ.

ಮೊದಲ ಭಾನುವಾರ ಜೆಲ್ಲಿ. ಸಿಪ್ಪೆ ಬೇಯಿಸಿ, ಸೋಸಿ, ಸಕ್ಕರೆ ತೂಗಿ, ಕುದಿಸಿ, ಶೀಶೆಗೆ ಸುರಿದು ಸಂಜೆಯವರೆಗೆ ಕಾದರು. ಅದು ನೀರಿನಂತೆಯೇ ಉಳಿಯಿತು. ಲಿಫ್ಟ್ ರಿಪೇರಿ ಮಾಡುವ ಅವಳ ಗಂಡ ಶೀಶೆಯನ್ನು ಅಲ್ಲಾಡಿಸಿ ನೋಡಿ, “ಅಪ್ಪಾ, ಇದನ್ನ ಬ್ರೆಡ್ಡಿಗೆ ಸವರಬೇಕಾ, ಬ್ರೆಡ್ಡನ್ನೇ ಇದರಲ್ಲಿ ಈಜಿಸಬೇಕಾ?” ಎಂದ. ಮಾವನೇ ಮೊದಲು ನಕ್ಕರು. ಎಲ್ಲರೂ ಅದಕ್ಕೆ ತಣ್ಣೀರು ಸೇರಿಸಿ ಕುಡಿದರು, ಚೆನ್ನಾಗಿಯೇ ಇತ್ತು.

ಎರಡನೆಯ ಭಾನುವಾರ ಎಲೆಯ ಮಾಲೆ. ಉದ್ಯಾನದಿಂದ ಕೆಂಪು, ಹಳದಿ ಎಲೆ ಆಯ್ದು ತಂದು, ಮೇಣದಲ್ಲಿ ಅದ್ದಿ, ದಾರಕ್ಕೆ ಪೋಣಿಸಿ ಬಾಗಿಲಿಗೆ ಕಟ್ಟಿದರು. ಬುಧವಾರದ ಹೊತ್ತಿಗೆ ಎಲೆಗಳು ಮೇಣದೊಳಗೇ ಕಪ್ಪಾಗಿ ಕೊಳೆತು ವಾಸನೆ ಬರತೊಡಗಿತು. ಮಾವ ಕುರ್ಚಿ ಹಾಕಿಕೊಂಡು ಹತ್ತಿ ಒಂದೊಂದೇ ಬಿಚ್ಚಿದರು. ಈ ಸಲ ಯಾರೂ ನಗಲಿಲ್ಲ.

ಮೂರನೆಯ ಭಾನುವಾರ ಅವಳು ಸಾಮಾನು ತರಲು ಹೋಗಿ ಮಧ್ಯಾಹ್ನ ಮನೆಗೆ ಬಂದಾಗ ಮಾವ ಬಚ್ಚಲಿನಲ್ಲಿ ನಿಂತಿದ್ದರು. ಎದುರಿನ ಬೋಗುಣಿಯಲ್ಲಿ ಅತ್ತೆಯ ಬಿಳಿ ಉಣ್ಣೆಯ ಶಾಲು. ಬಿಳಿಯದಾಗಿ ಉಳಿದಿರಲಿಲ್ಲ. ಈರುಳ್ಳಿ ಸಿಪ್ಪೆಯ ನೀರಿನಲ್ಲಿ ಕುದಿಸುವಾಗ ಹೊನ್ನಿನ ಬಣ್ಣ ಹಿಡಿದಿತ್ತಂತೆ. ತೊಳೆದಾಗ ಬಣ್ಣವೆಲ್ಲ ನೀರಿಗೆ ಇಳಿದು ಅಲ್ಲಲ್ಲಿ ಕೊಳೆ ಕಲೆಯಂಥದ್ದು ಮಾತ್ರ ನಿಂತಿತ್ತು.

“ಅವಳು ಯಾವಾಗ್ಲೂ ಅನ್ನೋಳು, ಬಿಳಿ ಬೇಗ ಕೊಳೆಯಾಗುತ್ತೆ, ಇದಕ್ಕೊಂದು ಬಣ್ಣ ಹಾಕಿಸ್ಕೊಡಿ ಅಂತ” ಎಂದರು ಮಾವ. “ಹಾಕಿಸ್ಕೊಡಲೇ ಇಲ್ಲ. ಈಗ ಹಾಕೋಣ ಅಂತ ಹೋದೆ.”

ಅವಳು ಮೇಜಿನ ಕಡೆ ತಿರುಗಿದಳು. ಪತ್ರಿಕೆಯ ತುಂಡು ಅಲ್ಲಿತ್ತು, ಪ್ರತಿ ಸಾಲಿನ ಪಕ್ಕದಲ್ಲೂ ಅಚ್ಚುಕಟ್ಟಾದ ಗುರುತು. ಸಿಪ್ಪೆ ತೂಗಿ. ಗುರುತು. ನೀರು ಕುದಿಸಿ. ಗುರುತು. ಬಟ್ಟೆಯನ್ನು ಅದರಲ್ಲಿ ಮುಳುಗಿಸಿ. ಗುರುತು. ನೀರು ಕುದಿಸುವುದಕ್ಕೂ ಬಟ್ಟೆ ಮುಳುಗಿಸುವುದಕ್ಕೂ ನಡುವೆ ಏನೋ ಇತ್ತು. ಏನೆಂದು ನೆನಪಾಗಲಿಲ್ಲ, ಇತ್ತು ಎಂಬುದು ನೆನಪಾಯಿತು.

ಸೋಮವಾರ ಕಚೇರಿಗೆ ಹೋದವಳೇ ಟೀಚರಮ್ಮನ ಮೂಲ ಬರಹಗಳನ್ನು ತೆರೆದಳು. “ಬಟ್ಟೆಯನ್ನು ಮೊದಲು ಪಟಿಕ ಕರಗಿಸಿದ ನೀರಿನಲ್ಲಿ ಒಂದು ಗಂಟೆ ನೆನೆಸಿ, ಇಲ್ಲದಿದ್ದರೆ ಬಣ್ಣ ನಿಲ್ಲುವುದಿಲ್ಲ.” ಎರಡು ಸಾಲು. ಮಾಲೆಯದನ್ನು ತೆರೆದಳು. “ಎಲೆಗಳನ್ನು ದಪ್ಪ ಪುಸ್ತಕದ ನಡುವೆ ನಾಲ್ಕು ದಿನ ಒತ್ತಿ ಪೂರ್ತಿ ಒಣಗಿಸಿ.” ಜೆಲ್ಲಿಯದನ್ನು ತೆರೆದಳು. “ಸೇಬಿನ ನಡುವಿನ ಗಟ್ಟಿ ಭಾಗವನ್ನೂ ಬಟ್ಟೆಯಲ್ಲಿ ಕಟ್ಟಿ ಜೊತೆಗೇ ಬೇಯಿಸಿ, ಜೆಲ್ಲಿ ಗಟ್ಟಿಯಾಗುವುದು ಅದರಿಂದಲೇ.” ಮೊದಲ ವಾರವೇ ಟೀಚರಮ್ಮ ಫೋನ್ ಮಾಡಿ, “ಒಂದು ಸಾಲು ಬಿಟ್ಟುಹೋಗಿದೆಯಲ್ಲಮ್ಮ” ಎಂದಿದ್ದು, ತಾನು “ಜಾಗ ಇರಲಿಲ್ಲ ಟೀಚರಮ್ಮ, ಓದೋರು ಅರ್ಥ ಮಾಡ್ಕೋತಾರೆ” ಎಂದಿದ್ದು ಈಗ ಕಿವಿಯಲ್ಲೇ ಕೇಳಿಸಿತು. ಅವಳು ಪರದೆಯ ಮುಂದೆ ಕೂತು ತನ್ನನ್ನೇ ಬೈದುಕೊಂಡಳು. ಬೈದುಕೊಳ್ಳುವುದು ಸುಲಭದ ಕೆಲಸ, ಯಾರೂ ಎದುರು ಮಾತಾಡುವುದಿಲ್ಲ.

ಸಂಜೆ ಹೇಳಿಯೇಬಿಡಬೇಕು ಎಂದುಕೊಂಡು ಮನೆಗೆ ಹೋದಳು. ಮಾವ ಎರಡೂ ಕೈ ಮುಂದೆ ಚಾಚಿ ಅವಳೆದುರು ಹಿಡಿದರು.

“ನೋಡಮ್ಮ, ನಡುಗುತ್ತಾ?”

“ಇಲ್ಲ ಮಾವ.”

“ಸರಿಯಾಗಿ ನೋಡು. ನೀನು ಪುಟ ಕಟ್ಟೋಳು, ನಿನ್ನ ಕಣ್ಣು ಚುರುಕು. ಮೂರು ಸಲ ಮೂರೂ ಕೆಡ್ತು ಅಂದ್ರೆ ಎಲ್ಲೋ ನನ್ನ ಅಳತೆ ತಪ್ತಿದೆ.”

ಆ ಕೈಗಳು ಎಳ್ಳಷ್ಟೂ ನಡುಗುತ್ತಿರಲಿಲ್ಲ. ಅವಳು “ಕೈ ಚೆನ್ನಾಗೇ ಇದೆ ಮಾವ. ಆ ಟೀಚರಮ್ಮನ ಐಡಿಯಾಗಳೇ ವಿಚಿತ್ರ” ಎಂದುಬಿಟ್ಟಳು. ತಪ್ಪನ್ನು ಒಪ್ಪಿಕೊಳ್ಳಲು ಹೋದವಳು ಅದನ್ನು ಇನ್ನೊಬ್ಬ ಮುದುಕಿಯ ತಲೆಗೆ ಕಟ್ಟಿ ಬಂದಳು. ನಾಲಿಗೆ ಅಷ್ಟು ಬೇಗ ತಿರುಗುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಹೇಳಿದರೆ, ಇಸ್ತ್ರಿ ಅಂಗಡಿಯವನ ಮುಂದೆ ಹೇಳಿಕೊಳ್ಳುವ ಆ ಸೊಸೆ ಇನ್ನಿರುವುದಿಲ್ಲವಲ್ಲ ಎಂಬ ಭಯ ಅವಳದು.

ಅದಕ್ಕಿಂತ ದೊಡ್ಡ ಕಷ್ಟ ಮುಂದಿತ್ತು. ಕೊನೆಯ ಪುಟ ಬಣ್ಣದ್ದು. ಅದು ಒಂದು ವಾರ ಮೊದಲೇ ಅಚ್ಚಾಗಿಬಿಡುತ್ತದೆ. ಮುಂದಿನ ‘ಕೈಯಾರೆ’ ಆಗಲೇ ಅಚ್ಚಾಗಿ ಕಟ್ಟು ಬಿದ್ದಿತ್ತು. ಅದು ಹಿಮ್ಮಡಿ ಒಡಕಿಗೆ ಮುಲಾಮು. ಅದರಲ್ಲಿಯೂ ಅವಳು ಕತ್ತರಿ ಆಡಿಸಿದ್ದಳು: “ಎಣ್ಣೆ ಬಿಸಿಯಾದ ಮೇಲೆ ಇನ್ನೂ ಎರಡು ಚಮಚ ಮೇಣ ಸೇರಿಸಿ.” ಬೇರೆ ಏನು ಕೆಟ್ಟರೂ ಮಾವ ತಡೆದುಕೊಳ್ಳುತ್ತಿದ್ದರೋ ಏನೋ. ಮುಲಾಮು ಅವರ ಕಸುಬು.

ಭಾನುವಾರ ಅವರು ಅಡುಗೆಮನೆಯಿಂದ ಮೇಜಿಗೆ, ಮೇಜಿನಿಂದ ಒಲೆಗೆ ಓಡಾಡುತ್ತಿದ್ದರೆ ಅವಳು ಬಟ್ಟೆ ಮಡಚುವ ನೆಪದಲ್ಲಿ ನೋಡುತ್ತ ನಿಂತಿದ್ದಳು. ಎಣ್ಣೆ ತೂಗಿದರು, ಮೇಣ ತೂಗಿದರು. ಒಂದು ಕ್ಷಣ ತಡೆದು ಪತ್ರಿಕೆಯ ತುಂಡನ್ನು ಮತ್ತೆ ಓದಿದರು, ತಲೆ ಕೆರೆದುಕೊಂಡರು, ಮತ್ತೆ ಓದಿದರು. ಆಮೇಲೆ ಬರೆದದ್ದನ್ನಷ್ಟೇ ಮಾಡಿದರು. ಡಬ್ಬಿಗೆ ಸುರಿದು, ತೂಗಿ, ಚೀಟಿ ಬರೆದು ಅಂಟಿಸಿದರು: ಹಿಮ್ಮಡಿ ಮುಲಾಮು, ನೂರ ಹತ್ತು ಗ್ರಾಂ, ಹೊರಲೇಪಕ್ಕೆ ಮಾತ್ರ. ಊಟದ ಹೊತ್ತಿಗೆ ಮುಚ್ಚಳ ತೆಗೆದು ಬೆರಳು ಅದ್ದಿದರು. ಎಣ್ಣೆ ಬೆರಳಿನಿಂದ ತೊಟ್ಟಿಕ್ಕಿತು. ಮುಚ್ಚಳ ಹಾಕಿ, ಕೋಲು ತೆಗೆದುಕೊಂಡು ವಾಕಿಂಗಿಗೆ ಹೊರಟರು.

ಬಾಗಿಲು ಹಾಕಿಕೊಂಡಿತೋ ಇಲ್ಲವೋ, ಅವಳು ಮೇಜಿನ ಹತ್ತಿರ ಇದ್ದಳು. ಸೊಸೆಯಾಗಿ ಬಂದ ಹನ್ನೊಂದು ವರ್ಷದಲ್ಲಿ ಮೊದಲ ಸಲ ಮಾವನ ವಸ್ತುವೊಂದನ್ನು ಮುಟ್ಟಿದಳು. ಮುಲಾಮನ್ನು ಬಿಸಿ ಮಾಡಿ, ಉಳಿದಿದ್ದ ಮೇಣದಲ್ಲಿ ಎರಡು ಚಮಚ ಹಾಕಿ, ಕದಡಿ, ಅದೇ ಡಬ್ಬಿಗೆ ಸುರಿದು, ಅದೇ ಜಾಗದಲ್ಲಿ, ಚೀಟಿ ಅದೇ ಕಡೆಗೆ ಮುಖ ಮಾಡುವಂತೆ ಇಟ್ಟಳು. ಬಾಣಲೆ ತೊಳೆದು ಒರೆಸಿದಳು. ಮಾವ ಬರುವ ಹೊತ್ತಿಗೆ ಮುಲಾಮು ಬೆಣ್ಣೆಯ ಹಾಗೆ ಕೂತಿತ್ತು. ಅವಳಿಗೆ ಎಷ್ಟು ಹಗುರಾಯಿತೆಂದರೆ, ಒಂದು ಹಾಡನ್ನೂ ಗುನುಗಿದಳು. ನಾಚಿಕೆಗೆಟ್ಟವಳು.

ಮಾವ ಬಂದು ಮುಚ್ಚಳ ತೆಗೆದರು. ಬೆರಳಿನಿಂದ ಒತ್ತಿದರು. ಮುಖ ಅರಳುತ್ತದೆ ಎಂದು ಅವಳು ಕಾದಳು. ಅರಳಲಿಲ್ಲ. ಅವರು ಕುರ್ಚಿ ಎಳೆದುಕೊಂಡು ಕೂತು, ಪೆಟ್ಟಿಗೆಯಿಂದ ತಕ್ಕಡಿ ತೆಗೆದು, ಡಬ್ಬಿಯನ್ನು ತೂಗಿದರು. ಬಟ್ಟು ಇಳಿಸಿ ಮತ್ತೆ ತೂಗಿದರು. ನಲವತ್ತೊಂದು ವರ್ಷ ತೂಗಿದ ಮನುಷ್ಯ ತೂಗದೆ ಬಿಡುತ್ತಾರೆಯೇ? ಅಷ್ಟೂ ಅವಳಿಗೆ ಹೊಳೆದಿರಲಿಲ್ಲ.

“ನೂರ ಹದಿನೆಂಟು” ಎಂದರು. “ನಾನು ಬರೆದಿರೋದು ನೂರ ಹತ್ತು.”

ಅವಳು ಮಡಚಿಟ್ಟ ಬಟ್ಟೆಯನ್ನೇ ಮತ್ತೆ ಬಿಡಿಸಿ ಮಡಚಿದಳು.

“ಅಮ್ಮಾ, ನೀನೇನಾದ್ರೂ ಇದನ್ನ ಮುಟ್ಟಿದ್ಯಾ?”

ಈ ಪ್ರಶ್ನೆಗೆ ಒಂದೇ ಒಂದು ಸರಿಯಾದ ಉತ್ತರವಿತ್ತು, ಎರಡಕ್ಷರದ್ದು. ಅವಳ ಬಾಯಿಂದ ಬಂದದ್ದು ಇನ್ನೊಂದು.

“ಇಲ್ಲ ಮಾವ.”

“ಇಲ್ಲ, ನೀನ್ಯಾಕೆ ಮುಟ್ತೀಯ” ಎಂದು ಅವರೇ ತಲೆಯಾಡಿಸಿದರು. ಡಬ್ಬಿಯ ಚೀಟಿಯನ್ನು ಬೆಳಕಿಗೆ ಹಿಡಿದು ಓದಿದರು. “ಹಾಗಾದ್ರೆ ತೂಗಿದ್ದು ತಪ್ಪಿದೆ. ಇಲ್ಲ, ಬರೆದಿದ್ದು ತಪ್ಪಿದೆ. ಇಲ್ಲಾಂದ್ರೆ ಮಧ್ಯದಲ್ಲಿ ಏನೋ ಹಾಕಿದೀನಿ, ಹಾಕಿದ್ದು ನೆನಪಿಲ್ಲ.”

ಸೋಮವಾರ ಇಡೀ ದಿನ ಕಚೇರಿಯಲ್ಲಿ ಅವಳಿಗೆ ಒಂದು ಪುಟವೂ ನೆಟ್ಟಗೆ ಕೂರಲಿಲ್ಲ. ಸಂಜೆ ನಾಲ್ಕಕ್ಕೆ ಟೀಚರಮ್ಮನ ನಾಲ್ಕೂ ಬರಹಗಳನ್ನು ಅಚ್ಚು ತೆಗೆದು, ತಾನು ಹಾರಿಸಿದ ಸಾಲುಗಳ ಕೆಳಗೆ ಕೆಂಪು ಗೆರೆ ಎಳೆದು ಚೀಲಕ್ಕೆ ಹಾಕಿಕೊಂಡಳು. ಇವತ್ತು ಬಾಯಿ ಕೈಕೊಟ್ಟರೆ ಕಾಗದವಾದರೂ ಮಾತಾಡಲಿ ಎಂದು. ಮೆಟ್ಟಿಲು ಹತ್ತುವಾಗ ಇಸ್ತ್ರಿ ಅಂಗಡಿಯವನು ಕರೆದ. “ಅಕ್ಕಾ, ನಿಮ್ಮ ಮಾವ ಆ ಬಿಳಿ ಕೋಟನ್ನ ನೀನೇ ಇಟ್ಕೋ ಅಂದ್ರು. ಒರೆಸೋ ಬಟ್ಟೆಗೆ ಆಗುತ್ತೆ ಅಂತ. ಒಳ್ಳೇ ಕೋಟು, ಹಾಗೆ ಮಾಡೋಕೆ ಮನಸ್ಸು ಬರ್ತಿಲ್ಲ.”

ಅವಳು ಉಳಿದ ಮೆಟ್ಟಿಲುಗಳನ್ನು ಓಡಿಕೊಂಡೇ ಹತ್ತಿದಳು. ಕಿಟಕಿಯ ಪಕ್ಕದ ಮೇಜು ಖಾಲಿಯಿತ್ತು. ತಕ್ಕಡಿಯ ಪೆಟ್ಟಿಗೆ ಇದ್ದ ಕಡೆ ಒಂದು ಚೌಕದ ಗುರುತು ಮಾತ್ರ ಉಳಿದಿತ್ತು. ಮಾವ ಕುರ್ಚಿಯಲ್ಲಿ ಕೂತು ಹೊರಗೆ ನೋಡುತ್ತಿದ್ದರು.

“ಅಂಗಡಿಗೆ ಹೋಗಿ ಹೇಳ್ಬಂದೆ, ಆಗಲ್ಲ ಅಂತ. ತಕ್ಕಡೀನೂ ಅಲ್ಲೇ ಇಟ್ಬಂದೆ. ಔಷಧಿ ಅಂದ್ರೆ ಆಟ ಅಲ್ವಲ್ಲಮ್ಮ. ಮುಲಾಮಿನಲ್ಲಿ ಎಂಟು ಗ್ರಾಂ ತಪ್ಪಿದೋನು ನಾಳೆ ಯಾರದೋ ಮಗೂಗೆ ಕೊಡೋದ್ರಲ್ಲಿ ತಪ್ಪಿದ್ರೆ?”

ಅವಳು ಅವರ ಮುಂದೆ ನೆಲದ ಮೇಲೆ ಕೂತಳು. ಚೀಲದಿಂದ ಕಾಗದ ತೆಗೆದು ಅವರ ತೊಡೆಯ ಮೇಲೆ ಇಟ್ಟಳು. ಆಮೇಲೆ ಹೇಳಿದಳು. ಜಾಹೀರಾತು, ಜಾಗ, ಎರಡು ಸಾಲು, ಟೀಚರಮ್ಮನ ಫೋನು, ವಾಕಿಂಗಿಗೆ ಹೋದಾಗ ಬಿಸಿ ಮಾಡಿದ ಡಬ್ಬಿ, ತೊಳೆದಿಟ್ಟ ಬಾಣಲೆ. ಒಂದನ್ನೂ ಕತ್ತರಿಸಲಿಲ್ಲ.

ಮಾವ ಕನ್ನಡಕ ಹಾಕಿಕೊಂಡು ಓದಿದರು. ಕೆಂಪು ಗೆರೆಯ ಮೇಲೆ ಪೆನ್ಸಿಲ್ ಇಟ್ಟು ನಿಧಾನಕ್ಕೆ ಓದಿದರು.

“ಪಟಿಕ” ಎಂದರು. “ನನಗೆ ಅನ್ನಿಸ್ತು. ಮನೇಲೇ ಇತ್ತು ಪಟಿಕ. ಚೀಟೀಲಿ ಇಲ್ವಲ್ಲ ಅಂತ ಬಿಟ್ಟೆ.” ಹಾಳೆ ತಿರುವಿದರು. “ಮೇಣಾನೂ ಅನ್ನಿಸ್ತು.”

“ಮಾವ...”

“ಸಾಲು ಕತ್ತರಿಸಿದ್ದು ಬಿಡು, ಅದು ಕೆಲಸದಲ್ಲಿ ಆಗೋ ತಪ್ಪು. ನಾನು ಕೇಳಿದೆ. ಮುಟ್ಟಿದ್ಯಾ ಅಂತ ಕೇಳಿದೆ. ಇಲ್ಲ ಅಂದೆ.” ಅವರ ದನಿ ಏರಲಿಲ್ಲ. “ನಿನ್ನೆ ಸಂಜೆಯಿಂದ ನನ್ನ ತಲೆ ಕೆಡ್ತಾ ಇದೆ ಅಂತ ನಾನು ಇಲ್ಲಿ ಕೂತಿದ್ದೆ. ನೀನು ಅಲ್ಲಿ ಬಟ್ಟೆ ಮಡಚ್ತಿದ್ದೆ.”

ಬೈದಿದ್ದರೆ ತಲೆ ಬಗ್ಗಿಸಬಹುದಿತ್ತು, ಹೊಡೆದಿದ್ದರೂ ಸಹಿಸಬಹುದಿತ್ತು ಎನಿಸಿತು ಅವಳಿಗೆ. ಅವರು ಹಾಳೆಗಳನ್ನು ಅಂಚು ಸೇರಿಸಿ ಮಡಚಿ ಅವಳ ಕೈಗೆ ಕೊಟ್ಟರು.

“ನಿಮ್ಮ ಪೇಪರು ಎಷ್ಟು ಮನೆಗೆ ಹೋಗುತ್ತೆ?”

“ಆರು ಸಾವಿರ.”

“ನಲವತ್ತೊಂದು ವರ್ಷದಲ್ಲಿ ನಾನೂ ಒಂದ್ಸಲ ತಪ್ಪಿದೀನಿ. ಕೆಮ್ಮಿನ ಬಾಟಲಿ ಮೇಲೆ ಒಂದು ಚಮಚ ಅಂತ ಬರೀಬೇಕಾದ ಕಡೆ ಎರಡು ಅಂತ ಬರೆದೆ. ಮನೆಗೆ ಬಂದು ಊಟಕ್ಕೆ ಕೂತಾಗ ಗೊತ್ತಾಯ್ತು. ತಟ್ಟೆ ಬಿಟ್ಟು ಎದ್ದು ಅವರ ಮನೆ ಹುಡುಕ್ಕೊಂಡು ಹೋದೆ. ಮಗೂಗೆ ದೊಡ್ಡದೇನೂ ಆಗಿರ್ಲಿಲ್ಲ. ಆದ್ರೆ ಆ ಮನೆಯಾಕೆ, ಔಷಧಿ ಕುಡಿಸಿದ ಮೇಲೂ ಮಗು ಸುಸ್ತಾಗಿದೆ, ನಾನೇ ಸರಿಯಾಗಿ ನೋಡ್ಕೊಂಡಿಲ್ಲ ಅಂತ ಅಳ್ತಾ ಕೂತಿದ್ಲು. ತಪ್ಪು ನಂದು ಅಂತ ಆ ಮನೆ ಬಾಗಿಲಲ್ಲಿ ನಿಂತು ಹೇಳ್ಬಂದೆ.” ಅವರು ಕನ್ನಡಕ ತೆಗೆದರು. “ಆ ಆರು ಸಾವಿರದಲ್ಲಿ ನನ್ನ ಹಾಗೆ ಎಷ್ಟು ಜನ ತಮ್ಮ ಕೈ ನೋಡ್ಕೊಂಡು ಕೂತಿದಾರೋ. ಮನೆಮನೆಗೂ ಹೇಳ್ಬೇಕಮ್ಮ.”

ಮಾರನೆಯ ದಿನ ಅವಳು ಕಚೇರಿಗೆ ಹೋಗುವ ಮುಂಚೆ ಔಷಧಿ ಅಂಗಡಿಗೆ ಹೋದಳು. ಗಾಜಿನ ಬೀರುವಿನ ಮುಂದೆ ನಿಂತು ಹಳೆಯ ಯಜಮಾನರ ಮಗನಿಗೆ ಎಲ್ಲವನ್ನೂ ಹೇಳಿದಳು; ಎರಡನೆಯ ಸಲ ಹೇಳುವಾಗ ನಾಲಿಗೆಗೆ ಅಷ್ಟು ತೊಡಕಾಗಲಿಲ್ಲ. ಅವನು ಪಾಪ, ಒಳ್ಳೆಯವನೇ. ಕೇಳಿ ಪೇಚಾಡಿಕೊಂಡ. “ಅವರು ಆಗಲ್ಲ ಅಂದ ತಕ್ಷಣ ಇನ್ನೊಬ್ಬರಿಗೆ ಹೇಳಿಬಿಟ್ಟೆನಲ್ಲ. ಅವರು ಇದ್ದ ಕೆಲಸ ಬಿಟ್ಟು ಬರ್ತಿದಾರೆ. ಈ ಚಳಿಗಾಲಕ್ಕೆ ಇನ್ನು ಆಗಲ್ಲ.” ಒಂದೇ ಒಂದು ದಿನ ಮುಂಚೆ ಅವಳು ಬಾಯಿ ಬಿಟ್ಟಿದ್ದರೆ ಸಾಕಿತ್ತು. ಅವನು ಒಳಗಿನಿಂದ ತಕ್ಕಡಿಯ ಪೆಟ್ಟಿಗೆ ತಂದುಕೊಟ್ಟ. ಮಗುವನ್ನು ಎತ್ತಿಕೊಂಡಂತೆ ಅದನ್ನು ಎದೆಗೆ ಅವುಚಿಕೊಂಡು ಮನೆಗೆ ಮರಳಿ, ಆ ಚೌಕದ ಗುರುತಿನ ಮೇಲೇ ಇಟ್ಟಳು. ಮಾವ ನೋಡಿದರು. ತೆರೆಯಲಿಲ್ಲ.

ಕಚೇರಿಯಲ್ಲಿ ಸಂಪಾದಕರು ಕೇಳಿ ನಕ್ಕರು. “ತಿದ್ದುಪಡಿ ತಾನೇ, ಎರಡು ಸಾಲು ಹಾಕಿ ಮುಗಿಸು.”

“ಎರಡು ಸಾಲಿನಲ್ಲಿ ಆಗಲ್ಲ ಸಾರ್. ಇಪ್ಪತ್ತೆಂಟು ಸಾಲು ಬೇಕು, ಕೊನೇ ಪುಟದಲ್ಲೇ ಬೇಕು.”

“ಜಾಗ ಎಲ್ಲಿದೆ?”

ಅವಳು ಟೀಚರಮ್ಮನಿಗೆ ಫೋನ್ ಮಾಡಿ ಕ್ಷಮೆ ಕೇಳಿದಳು, ಆಮೇಲೆ ಜಾಗ ಕೇಳಿದಳು. “ನನ್ನ ತಂಗೀನೇ ಬೈದ್ಲು ಕಣಮ್ಮ, ನೀನು ಬರೆದ ಮುಲಾಮು ಸುಳ್ಳು ಅಂತ” ಎಂದರು ಟೀಚರಮ್ಮ. “ನನ್ನ ಕಾಲುಚೀಲ ಒಂದು ವಾರ ಕಾಯುತ್ತೆ. ನಿಂದೇ ಹಾಕು.”

ಅವಳು ಬರೆದಳು. ಜೆಲ್ಲಿಗೆ ಬಿಟ್ಟುಹೋದ ಸಾಲು, ಮಾಲೆಗೆ, ಬಣ್ಣಕ್ಕೆ, ಮುಲಾಮಿಗೆ. ಕೊನೆಗೆ ಎರಡು ಸಾಲು: “ಕೆಟ್ಟದ್ದು ನಿಮ್ಮ ಕೈಯಿಂದಲ್ಲ, ಟೀಚರ್ ಬರಹದಿಂದಲೂ ಅಲ್ಲ. ಪುಟ ಕಟ್ಟುವಾಗ ಸಾಲು ಕತ್ತರಿಸಿದವಳು ನಾನು.” ಬುಧವಾರ ಮಧ್ಯಾಹ್ನ ಕಂಬಳಿ ಅಂಗಡಿಯವರು ಜಾಹೀರಾತನ್ನು ಇನ್ನೂ ಒಂದು ಬೆರಳು ಹಿಗ್ಗಿಸಿ ಕಳಿಸಿದರು. ಸಂಪಾದಕರು ಅವಳ ಹೆಗಲ ಮೇಲಿಂದ ಬಗ್ಗಿ ನೋಡಿ, “ಆ ಕೊನೇ ಎರಡು ಸಾಲು ತೆಗಿ, ಸರಿಹೋಗುತ್ತೆ. ಅದರಲ್ಲಿ ವಿಷಯ ಏನಿಲ್ಲ” ಎಂದರು. ಮೊದಲಾಗಿದ್ದರೆ ಅವಳು ನಡುವಿನ ಯಾವುದೋ ಎರಡು ಸಾಲು ಹಾರಿಸಿಬಿಡುತ್ತಿದ್ದಳು. ಈ ಸಲ ಅಂಕಣದ ಮೇಲಿದ್ದ ಎಲೆಗಳ ಚಿತ್ರ ತೆಗೆದಳು, ಅಕ್ಷರ ಒಂದಿಷ್ಟು ಚಿಕ್ಕದು ಮಾಡಿದಳು. ಪುಟ ಬೋಳುಬೋಳಾಗಿ ಕಂಡಿತು. “ಯಾಕೆ ಕತ್ತರಿ, ಮೊಂಡಾದೆಯಾ?” ಎಂದು ಸಂಪಾದಕರು ಗೊಣಗಿಕೊಂಡು ಹೋದರು.

ಅದು ಅಚ್ಚಾಗಿ ಮನೆಗಳಿಗೆ ಮುಟ್ಟಲು ಇನ್ನೂ ಒಂದೂವರೆ ವಾರ ಬೇಕಿತ್ತು. ಆ ದಿನಗಳು ಅವಳಿಗೆ ಮುಗಿಯಲೇ ಇಲ್ಲ. ಮಾವ ಊಟಕ್ಕೆ ಕೂರುತ್ತಿದ್ದರು, ಸಾಕು ಎನ್ನುತ್ತಿದ್ದರು, ಮಗನ ಜೊತೆ ಒಂದೆರಡು ಮಾತಾಡುತ್ತಿದ್ದರು. ಸಂಜೆಯ ವಾಕಿಂಗಿಗೆ ಔಷಧಿ ಅಂಗಡಿಯ ಮುಂದೆ ಹಾಯದ ಸುತ್ತುಬಳಸಿನ ಬೀದಿ ಹಿಡಿಯುತ್ತಿದ್ದರು. ನಡುವಿನ ಭಾನುವಾರದ ‘ಕೈಯಾರೆ’ಯನ್ನು ಅವರು ಕತ್ತರಿಸಲೂ ಇಲ್ಲ. ಅವಳ ಗಂಡನಿಗೂ ಅವಳೇ ಎಲ್ಲ ಹೇಳಿದ್ದಳು. ಅವನು “ನಂಗಾದ್ರೂ ಹೇಳ್ಬಾರ್ದಿತ್ತಾ” ಎಂದವನು ಆಮೇಲೆ ಆ ಸುದ್ದಿ ಎತ್ತಲಿಲ್ಲ. ಇಸ್ತ್ರಿ ಅಂಗಡಿಯವನಿಂದ ಅವಳು ಬಿಳಿ ಕೋಟನ್ನು ವಾಪಸು ತಂದು ಬೀರುವಿನಲ್ಲಿ ನೇತು ಹಾಕಿದಳು. ದಿನಕ್ಕೊಮ್ಮೆ ಬೀರು ತೆರೆದು ಅದನ್ನು ನೋಡುತ್ತಿದ್ದಳು.

ಶನಿವಾರ ತಿದ್ದುಪಡಿಯ ಪತ್ರಿಕೆ ಬಂತು. ಭಾನುವಾರ ಬೆಳಿಗ್ಗೆ ಮಾವ ಮೊದಲಿನಂತೆ ಆ ತುಂಡನ್ನು ಕತ್ತರಿಸಿ ಮೇಜಿನ ಮೇಲಿಟ್ಟುಕೊಂಡು, ಸಾಲಿಗೊಂದರಂತೆ ಗುರುತು ಹಾಕುತ್ತ ಓದಿದರು. ಕೊನೆಯ ಎರಡು ಸಾಲಿನ ಪಕ್ಕದಲ್ಲಿ ಪೆನ್ಸಿಲ್ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅಲ್ಲಿಯೂ ಗುರುತು ಹಾಕಿ, ತುಂಡನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಸೋಮವಾರ ಮಧ್ಯಾಹ್ನ ಕಚೇರಿಯ ಫೋನು ಅವಳನ್ನೇ ಕೇಳಿಕೊಂಡು ಬಂತು. ವಯಸ್ಸಾದ ಹೆಂಗಸಿನ ದನಿ.

“ಆ ಸಾಲು ಕತ್ತರಿಸಿದ್ದು ನೀನೇನಮ್ಮ?”

“ಹೌದಮ್ಮ, ನಾನೇ.” ಬೈಗುಳಕ್ಕೆ ತಯಾರಾಗಿ ಅವಳು ಕಣ್ಣು ಮುಚ್ಚಿಕೊಂಡಳು.

“ಆ ಜೆಲ್ಲಿ ನಾನು ಎರಡೆರಡು ಸಲ ಮಾಡಿದೆ, ಎರಡು ಸಲಾನೂ ನೀರು. ಮಗಳು ಬಂದು, ಅಮ್ಮಾ ನಿನಗೆ ಇನ್ನು ಆಗಲ್ಲ, ಒಲೆ ಹತ್ರ ಹೋಗ್ಬೇಡ ಅಂದ್ಲು. ನಾನೂ ಹೌದೇನೋ ಅಂದ್ಕೊಂಡು ಸುಮ್ಮನಾಗಿಬಿಟ್ಟೆ. ಈಗ ನಿನ್ನ ಪೇಪರು ಅವಳ ಮುಂದೆ ಹಿಡಿದು ಓದಿಸ್ದೆ ನೋಡು. ಇವತ್ತು ಅಡುಗೆ ನಂದೇ.”

ಮುದುಕಿ ನಕ್ಕು ಫೋನ್ ಇಟ್ಟಳು. ಇವಳು ಫೋನನ್ನು ಕಿವಿಗೆ ಹಿಡಿದುಕೊಂಡೇ ಅತ್ತಳು. ಪಕ್ಕದ ಮೇಜಿನವರು ಯಾರೋ ತೀರಿಕೊಂಡರೆಂದು ತಿಳಿದು ನೀರು ತಂದುಕೊಟ್ಟರು.

ಸಂಜೆ ಮನೆಗೆ ಬಂದಾಗ ತಕ್ಕಡಿಯ ಪೆಟ್ಟಿಗೆ ತೆರೆದಿತ್ತು. ಒಂದು ತಟ್ಟೆಯಲ್ಲಿ ಬಟ್ಟು, ಇನ್ನೊಂದರಲ್ಲಿ ಪಟಿಕದ ಹರಳುಗಳು. ಅತ್ತೆಯ ಶಾಲು ಮಡಚಿಕೊಂಡು ಪಕ್ಕದಲ್ಲಿತ್ತು. ಮಾವ ಒಂದು ಹರಳು ತೆಗೆದು, ಇನ್ನೊಂದು ಚಿಕ್ಕದನ್ನು ಹಾಕಿ, ಮುಳ್ಳು ನೆಟ್ಟಗೆ ನಿಲ್ಲುವುದನ್ನೇ ನೋಡುತ್ತಿದ್ದರು. ಅವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲಿ ನಿಂತು ಫೋನಿನ ಕಥೆ ಹೇಳಿದಳು. ಅವರು ತಲೆಯೆತ್ತದೆ ಕೇಳಿದರು.

“ಆರು ಸಾವಿರದಲ್ಲಿ ಒಂದು ಮನೆ ಆಯ್ತು ಮಾವ” ಎಂದಳು.

ಮುಳ್ಳು ನಿಂತಿತು. ಮಾವ ಪಟಿಕವನ್ನು ಬೋಗುಣಿಗೆ ಸುರಿದುಕೊಂಡು, ಶಾಲನ್ನು ಎತ್ತಿ ಅವಳ ಕೈಗೆ ಕೊಟ್ಟರು.

“ಎರಡು” ಎಂದರು. “ಸರಿಯಾಗಿ ಎಣಿಸು, ನಮ್ಮನೇನೂ ಸೇರಿಸಿ. ಬಾ, ಆ ಕಡೆ ತುದಿ ಹಿಡ್ಕೋ.”